ಹದಿನಾರು ಮನೆಯ ಶ್ರೀಕಾರ

ಬೈಲಹೊಂಗಲದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ, ಕಿಟಕಿಯ ಬದಿಯ ಕುರ್ಚಿಯ ಮೇಲೆ ಹದಿನೆಂಟು ವರ್ಷ ಕಾಲ ಕುಳಿತದ್ದು ಭೌತಶಾಸ್ತ್ರದ ಅಂದಾನೆಪ್ಪನವರಲ್ಲ, ಅವರ ಕೋಟು. ಎಡ ಮೊಣಕೈಯಲ್ಲಿ ಸವೆದು ಮಿರುಗುತ್ತಿದ್ದ, ಜೇಬುಗಳಲ್ಲಿ ಸೀಮೆಸುಣ್ಣದ ಚೂರು, ಬಸ್ ಟಿಕೆಟ್ಟು, ಎಲ್ಲಿಂದಲೋ ಬಿಚ್ಚಿದ ಸ್ಕ್ರೂಗಳು ಒಟ್ಟಿಗೆ ಸಂಸಾರ ಹೂಡಿದ್ದ ಆ ಕಂದು ಕೋಟನ್ನು ಬೆಳಿಗ್ಗೆ ಕುರ್ಚಿಯ ಬೆನ್ನಿಗೆ ತೊಡಿಸಿದರೆಂದರೆ ಅವರ ಹಾಜರಿಯ ವಿಧಿ ಮುಗಿಯಿತು. ಆಮೇಲೆ ಅವರ ದರ್ಶನ ವರಾಂಡದಲ್ಲಿ, ಪ್ರಯೋಗಾಲಯದ ಬಾಗಿಲಲ್ಲಿ, ನೀರಿನ ಟಾಕಿಯ ಕೆಳಗೆ, ಎಲ್ಲಿಯೂ ಎರಡು ನಿಮಿಷ ಮೀರದಂತೆ. ಹೊಸದಾಗಿ ಬಂದ ಪ್ರಾಚಾರ್ಯರೊಬ್ಬರು ಕೋಟಿನ ಭರವಸೆಯ ಮೇಲೆ ಅದರೆದುರು ಮುಕ್ಕಾಲು ತಾಸು ಕುಳಿತು, ಕೊನೆಗೆ ಕೋಟಿಗೇ ಒಂದು ಚೀಟಿ ಸಿಕ್ಕಿಸಿ ಹೋಗಿದ್ದರು. ಅದಕ್ಕೆ ಉತ್ತರ ಮರುದಿನ ಬಂತು. ಅದನ್ನೂ ಅಂದಾನೆಪ್ಪನವರು ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆದಿದ್ದರು.

ಆಳು ಗಿಡ್ಡ. ನಡೆಯುವಾಗ ತಲೆ ದೇಹಕ್ಕಿಂತ ಒಂದು ಗೇಣು ಮುಂದಿರುತ್ತಿತ್ತು. ಕಾಲುಗಳು ಅದನ್ನು ಹಿಡಿಯಲು ಓಡಿಬರುತ್ತಿವೆ ಎನಿಸುತ್ತಿತ್ತು. ಎದುರಿನವರ ವಾಕ್ಯ ಕ್ರಿಯಾಪದ ಮುಟ್ಟುವುದರೊಳಗೆ "ಹಾಂ, ಮುಂದ?" ಎಂದು ಕೇಳುವುದು ಅವರ ರೂಢಿ. ಕನ್ನಡ ಪಾಠ ಹೇಳಿ ಬದುಕಿದವನು ನಾನು, ನಮ್ಮ ಭಾಷೆಯಲ್ಲಿ ಹೇಳಬೇಕಾದದ್ದೆಲ್ಲ ಕೊನೆಯ ಪದದಲ್ಲಿರುತ್ತದೆ. ಅದನ್ನು ಹೇಳಲಿಕ್ಕೇ ಬಿಡದ ಈ 'ಮುಂದ'ದ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬಂದದ್ದುಂಟು. ಬಸ್ಸಿಗೆ ಕಾಯುವುದಂತೂ ಅವರಿಂದಾಗದ ಕೆಲಸ. ಕಿತ್ತೂರಿಗೆ ಹೋಗಬೇಕಾದರೆ ನಿಲ್ದಾಣದಲ್ಲಿ ಐದು ನಿಮಿಷ ನಿಂತು, ಆರನೆಯ ನಿಮಿಷಕ್ಕೆ ಕಿತ್ತೂರಿನ ರಸ್ತೆ ಹಿಡಿದುಬಿಡುವರು. ಬಸ್ಸು ಹಿಂದಿನಿಂದ ಬಂದು ನಡುದಾರಿಯಲ್ಲಿ ಅವರನ್ನು ಎತ್ತಿಕೊಳ್ಳಬೇಕು. ಕಂಡಕ್ಟರ್ ಬಾಳು ದೂರದಿಂದಲೇ ಆ ಮುಂಚಾಚಿದ ತಲೆಯನ್ನು ಗುರುತಿಸಿ, "ಸರ್ ಸ್ಟಾಪ್ ಬಂತು ನೋಡ್ರಿ" ಎಂದು ಸೀಟಿ ಊದುತ್ತಿದ್ದ.

"ನಡದ್ರ ಬಸ್ಸು ಲಗೂ ಬರತೈತೇನ್ರಿ?" ಎಂದು ಒಮ್ಮೆ ಕೆಣಕಿದೆ.

"ಬರಂಗಿಲ್ಲರಿ. ಆದ್ರ ನಾ ಸುಮ್ನ ನಿಂತಿಲ್ಲ ಅನ್ನೂದು ಬಸ್ಸಿಗೆ ಗೊತ್ತಾಗತೈತಿ."

ಇಂಥ ಅವಸರದ ಮನುಷ್ಯ ಒಂದೇ ಒಂದು ವಿಷಯದಲ್ಲಿ ಎಂದೂ ಅವಸರ ಮಾಡಿದ್ದನ್ನು ನಾನು ಕಾಣೆ. ಏನನ್ನೇ ಬರೆಯಲಿ, ಮೊದಲು ನೆತ್ತಿಯ ಮೇಲೆ 'ಶ್ರೀ' ಬೀಳಬೇಕು. ಕರಿಹಲಗೆಯ ಮೇಲೆ ಓಮನ ನಿಯಮಕ್ಕೆ ಮುಂಚೆ ಶ್ರೀ. ಕಿರಾಣಿ ಚೀಟಿಯಲ್ಲಿ ಸಕ್ಕರೆಗೆ ಮುಂಚೆ ಶ್ರೀ. ರಜೆಯ ಅರ್ಜಿಯಲ್ಲಿ ಶ್ರೀ, ಅದರ ಒಕ್ಕಣೆ ಮಾತ್ರ ಒಂದೂವರೆ ಸಾಲು. ಸವದತ್ತಿ ತಾಲೂಕಿನ ಹೂಲಿಯಲ್ಲಿ ಅವರ ತಾಯಿ ಗುರವ್ವ, ಸ್ವತಃ ಓದು ಬಾರದವಳು, ಮಗನ ಪಾಟಿಯ ಮೇಲೆ ತನಗೆ ಗೊತ್ತಿದ್ದ ಆ ಒಂದೇ ಅಕ್ಷರವನ್ನು ಬರೆದುಕೊಟ್ಟು, ಇದನ್ನು ಮೊದಲು ಬರೆಯದೆ ಯಾವ ಅಕ್ಷರವನ್ನೂ ತಿದ್ದಬೇಡ ಎಂದಿದ್ದಳಂತೆ. ತೊಂಬತ್ತಾರರಲ್ಲಿ ಕಾಲೇಜಿಗೆ ಕಂಪ್ಯೂಟರು ಬಂದು, ಅಂದಾನೆಪ್ಪನವರು ನಲವತ್ತು ದಾಟಿದ ಮೇಲೆ ತಾವಾಗಿಯೇ ಪ್ರೋಗ್ರಾಮು ಬರೆಯಲು ಕಲಿತಾಗ, ಆ ಶ್ರೀ ಇಂಗ್ಲಿಷಿನ ನಾಲ್ಕು ಅಕ್ಷರಗಳಾಗಿ ಅಲ್ಲಿಗೂ ಹೊಕ್ಕಿತು. ಬೇರೆಯವರು ಅದನ್ನು ನೋಡಿ ನಕ್ಕರೆ ಅವರೂ ನಗುತ್ತಿದ್ದರು, ಆದರೆ ಅಳಿಸುತ್ತಿರಲಿಲ್ಲ.

ಅವರು ಬರೆದ ಪ್ರೋಗ್ರಾಮುಗಳಲ್ಲಿ ಒಂದರ ಕಥೆಯಷ್ಟನ್ನೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಮನುಷ್ಯನ ಪೂರ್ಣಚಿತ್ರ ಅದರಲ್ಲಿದೆ.

ಗುರವ್ವ ಬೀಸುವ ಕಲ್ಲಿನ ಮುಂದೆ ಕೂತರೆ ಪದ ತಾನಾಗಿ ಹುಟ್ಟುತ್ತಿತ್ತಂತೆ: ಮೊದಲು ದೇವರು, ಆಮೇಲೆ ತವರು, ಕಡೆಗೆ ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ನುಡಿ. ಹಿರಿಯ ಮಗಳು ಮಾಯವ್ವನನ್ನು ರಾಮದುರ್ಗದ ಕಡೆಯ ಸಾಲಹಳ್ಳಿಗೆ ಕೊಟ್ಟಿತ್ತು. ಒಮ್ಮೆ ಗುರವ್ವ ಆ ಕಲ್ಲನ್ನು ಮಗಳಿಗೆ ಕೊಡಬೇಕೆಂದು ಗಾಡಿಯಲ್ಲಿ ಹೇರಿಸಿಕೊಂಡು ಹೋದರೆ ಮಾಯವ್ವ, "ಊರಾಗ ಗಿರಣಿ ಬಂದೈತಿ, ಕಲ್ಲ ಯಾಕ ಬೇಕವ್ವಾ" ಎಂದುಬಿಟ್ಟಳು. ಗುರವ್ವ ಗಾಡಿಯನ್ನು ಅಂಗಳದಿಂದಲೇ ತಿರುಗಿಸಿದಳು. "ಕಲ್ಲ ಬ್ಯಾಡಾದವಳಿಗೆ ಪದಾ ಯಾಕ? ಇನ್ನ ನಿನ್ನ ಹೆಸರ ನನ್ನ ಪದದಾಗ ಬರಂಗಿಲ್ಲ" ಎಂಬುದು ಮಗಳೊಡನೆ ಅವಳ ಕೊನೆಯ ಮಾತಾಯಿತು. ಆಮೇಲಿನ ಎರಡು ವರ್ಷ, ಗುರವ್ವ ಸಾಯುವವರೆಗೂ, ತಾಯಿ ಮಗಳು ಮಾತಾಡಲಿಲ್ಲ. ಎಂಬತ್ತಮೂರರಲ್ಲಿ ಅಂದಾನೆಪ್ಪನವರು ಕಿತ್ತೂರಿನ ಗೆಳೆಯನೊಬ್ಬನ ಟೇಪ್ ರೆಕಾರ್ಡರ್ ತಂದು ತಾಯಿಯ ಪದವನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದರು. ಮರುವರ್ಷ ಅವಳು ತೀರಿಕೊಂಡಳು. ಆ ಕ್ಯಾಸೆಟ್ಟಿನಲ್ಲಿ ದೇವರ ಪದ ಸ್ಪಷ್ಟ, ತವರಿನದು ಪರವಾಗಿಲ್ಲ. ಮಕ್ಕಳ ಪಾಳಿ ಬರುವ ಹೊತ್ತಿಗೆ ಕಲ್ಲಿಗೆ ಹೊಸ ಕಾಳು ಬಿದ್ದು, ಘರಘರದಲ್ಲಿ ಮಾತು ಮುಳುಗಿಹೋಗಿತ್ತು. ಮಾಯವ್ವ ಹದಿನೇಳು ವರ್ಷ ಆ ಕ್ಯಾಸೆಟ್ಟಿಗೆ ಕಿವಿ ಹಚ್ಚಿ ಕುಳಿತದ್ದು ಒಂದೇ ಪ್ರಶ್ನೆಗೆ: ತನ್ನ ಹೆಸರು ಅದರಲ್ಲಿದೆಯೋ ಇಲ್ಲವೋ? ಈಗ ಅವಳ ಕಿವಿಯೂ ಮಂದವಾಗತೊಡಗಿತ್ತು. ಬಲಗಿವಿ ಪೂರ್ತಿ ಹೋಗಿತ್ತು, ಎಡದ್ದು ಇನ್ನೊಂದು ವರುಷ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು.

"ಕಲ್ಲ ಒಂದ ಲಯದಾಗ ತಿರಗತೈತ್ರಿ, ಪದ ಹಂಗಲ್ಲ," ಎಂದು ಅಂದಾನೆಪ್ಪನವರು ವರಾಂಡದಲ್ಲಿ ನನ್ನನ್ನು ತಡೆದು ಹೇಳಿದ್ದು ಎರಡು ಸಾವಿರದ ಇಸವಿಯ ಜೂನಿನಲ್ಲಿ. "ಲೆಕ್ಕಾ ಹಾಕಿ ಕಲ್ಲ ಕಳದ್ರ ಅವ್ವ ಉಳೀಬೇಕು."

ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿದರೆ ಅದು ಕೋಟ್ಯಂತರ ಸಂಖ್ಯೆಗಳ ಸಾಲು. ಒಂದೊಂದೇ ಸಂಖ್ಯೆಯನ್ನೆತ್ತಿ ಲೆಕ್ಕ ಮಾಡಿದರೆ ಇಡೀ ಕ್ಯಾಸೆಟ್ಟಿಗೆ ಏಳು ತಾಸು. ಆ ವರುಷ ಬೈಲಹೊಂಗಲದಲ್ಲಿ ಎರಡು ತಾಸು ಸತತವಾಗಿ ಕರೆಂಟಿದ್ದರೆ ಅದು ದೊಡ್ಡ ಮಾತು. ನಡುನಡುವೆ ನಿಲ್ಲಿಸಿ, ಆದಷ್ಟನ್ನು ಉಳಿಸಿಕೊಂಡು, ಮರುದಿನ ಮುಂದುವರಿಸುವಂತೆ ಬರೆಯಬಾರದೇ ಎಂದು ತಿಳಿಯದವನ ಧೈರ್ಯದಿಂದ ನಾನು ಕೇಳಿದರೆ, "ನಿಂತ ನಿಂತ ಹೋಗೂದು ಬಸ್ಸಿಗೆ ಚಂದರಿ" ಎಂದು ಹೊರಟೇಬಿಟ್ಟರು. ಕಾಲೇಜಿಗೆ ಆಗಷ್ಟೇ ಬಂದಿದ್ದ ಹೊಸ ಕಂಪ್ಯೂಟರು ನಾಲ್ಕು ಸಂಖ್ಯೆಗಳನ್ನು ಒಂದೇ ಆದೇಶದಲ್ಲಿ ಎತ್ತಿ, ನಾಲ್ಕನ್ನೂ ಏಕಕಾಲಕ್ಕೆ ಗುಣಿಸಬಲ್ಲದಾಗಿತ್ತು. ಏಳು ತಾಸಿನದು ಎರಡು ತಾಸಿನೊಳಗೆ ಮುಗಿದೀತು. ಇಂಥದೊಂದು ಆದೇಶ ಜಗತ್ತಿನಲ್ಲಿದೆ ಎಂದು ಗೊತ್ತಾದ ಮೇಲೆ ಅವರ ಕಾಲು ನೆಲಕ್ಕೆ ಹತ್ತಲಿಲ್ಲ.

ಬರೆದದ್ದೇನೋ ಒಂದೇ ವಾರದಲ್ಲಿ. ಓಡಿಸಿದರೆ ಪ್ರೋಗ್ರಾಮು ಎರಡು ತುಣುಕು ಓಡಿ ಸತ್ತಿತು. ಮತ್ತೊಮ್ಮೆ ಓಡಿಸಿದರೆ ಐದು ತುಣುಕು. ಒಂದು ಸಲ ಮೊದಲನೆಯದರಲ್ಲೇ. ಕ್ಯಾಸೆಟ್ಟಿನ ಧ್ವನಿಯನ್ನು ನೂರಾರು ತುಣುಕು ಮಾಡಿ, ಪ್ರತಿ ತುಣುಕಿಗೂ ಮೆಮರಿಯಲ್ಲಿ ಹೊಸದಾಗಿ ಜಾಗ ಕೇಳಿ ತುಂಬುವ ಏರ್ಪಾಡು ಅದು; ಯಾವ ತುಣುಕಿನಲ್ಲಿ ಜೀವ ಬಿಡುತ್ತದೆಂದು ಹೇಳುವಂತಿರಲಿಲ್ಲ. ಯಾವಾಗಲೂ ಕೆಡುವ ಯಂತ್ರ ಒಳ್ಳೆಯದು, ಎಲ್ಲಿ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಒಮ್ಮೊಮ್ಮೆ ಮಾತ್ರ ಕೆಡುವಂಥದು ಮನುಷ್ಯನ ನಿದ್ದೆ ತಿನ್ನುತ್ತದೆ. ಕರೆಂಟಿನ ಏರಿಳಿತವೆಂದರು, ಬಿಸಿಯೆಂದರು, ಫ್ಯಾನು ತಂದು ಕಂಪ್ಯೂಟರಿನ ಹೊಟ್ಟೆಗೆ ಹಿಡಿದರು. ಮೂರು ತಿಂಗಳು ನಮ್ಮ ವರಾಂಡದಲ್ಲಿ ಅವರ ಚಪ್ಪಲಿಯ ಸದ್ದು ನಿಲ್ಲಲಿಲ್ಲ. ಸಾಲಹಳ್ಳಿಯಿಂದ ವಾರಕ್ಕೊಮ್ಮೆ ಮಾಯವ್ವನ ಫೋನು ಬರುತ್ತಿತ್ತು. ಮೊದಮೊದಲು ಅವಳು ಎಡಗಿವಿಗೆ ಹಿಡಿದು ಮಾತಾಡುತ್ತಿದ್ದಳು, ಆಮೇಲಾಮೇಲೆ ಒಂದೇ ಮಾತನ್ನು ಎರಡು ಸಲ ಹೇಳಿಸತೊಡಗಿದಳು. ಆ ಫೋನು ಮುಗಿದಾಗಲೆಲ್ಲ ಅವರ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೆ ಧಾರವಾಡದಿಂದ ಝೆರಾಕ್ಸ್ ಮಾಡಿಸಿ ತಂದ ದಪ್ಪ ಹೊತ್ತಗೆಯೊಂದರಲ್ಲಿ ರೋಗದ ಹೆಸರು ಸಿಕ್ಕಿತು. ಅವರು ನನಗೆ ತಿಳಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೆಮರಿಯೆಂದರೆ ಸಾಲಾಗಿ ಮನೆಗಳು, ಒಂದೊಂದಕ್ಕೂ ಒಂದು ನಂಬರು. ಒಂದು ಸಂಖ್ಯೆ ಇಳಿಯಲು ನಾಲ್ಕು ಮನೆ ಬೇಕು, ನಾಲ್ಕು ಸಂಖ್ಯೆಗೆ ಹದಿನಾರು. ನಾಲ್ಕನ್ನೂ ಒಟ್ಟಿಗೆ ಎತ್ತುವ ಆ ಆದೇಶದ ಹಟವೇನೆಂದರೆ, ಮೊದಲ ಮನೆಯ ನಂಬರು ಹದಿನಾರರಿಂದ ನಿಶ್ಶೇಷವಾಗಿ ಭಾಗವಾಗಬೇಕು. ತಪ್ಪಿದರೆ ಅದು ಪ್ರೋಗ್ರಾಮನ್ನೇ ಅಲ್ಲಿಗೆ ಕೊಂದುಹಾಕುತ್ತದೆ. ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಮಾಡಿಕೊಡುವ ಕಂಪೈಲರ್ ಎಂಬುದು ಮನೆ ನಂಬರು ನೋಡಲು ಹೋಗುವುದಿಲ್ಲ. ಸರಿಯಾದ ಗಡಿಯಿಂದಲೇ ಜೋಡಿಸಿದ್ದೇನೆ ಎಂದು ಬರೆದವನು ಮಾತು ಕೊಟ್ಟರೆ ಅದನ್ನು ನಂಬಿ ನಡೆಯುತ್ತದೆ. ಅಂದಾನೆಪ್ಪನವರು ಮಾತು ಕೊಟ್ಟಿದ್ದರು, ಪರೀಕ್ಷಿಸದೆ ಕೊಟ್ಟಿದ್ದರು. ಮೆಮರಿ ಕೇಳಿದಾಗ ಸಿಗುತ್ತಿದ್ದ ಜಾಗ ಕೆಲವೊಮ್ಮೆ ಹದಿನಾರರ ಗಡಿಯಿಂದ ಶುರುವಾಗುತ್ತಿತ್ತು, ಕೆಲವೊಮ್ಮೆ ಎಂಟು ಮನೆ ಆಚೆಯಿಂದ. ಗಡಿ ನೋಡದೆ ಎಲ್ಲಿಂದ ಬೇಕಾದರೂ ಎತ್ತುವ ಇನ್ನೊಂದು ಆದೇಶವೂ ಇತ್ತು; ಅದು ನಿಧಾನ, ಎರಡು ತಾಸಿನೊಳಗೆ ಆಗದು. ನಿಧಾನ ಎಂಬ ಪದ ಕೇಳಿಯೇ ಅವರು ಆ ಪುಟವನ್ನು ಮಗುಚಿಬಿಟ್ಟಿದ್ದರು.

ಗಡಿ ನೋಡಿಯೇ ಜಾಗ ಕೊಡುವಂತೆ ಪ್ರೋಗ್ರಾಮು ತಿದ್ದಿದರು. ಈ ಸಲ ಸರಿಯಾದೀತೆಂದು ನಮ್ಮನ್ನೆಲ್ಲ ಕರೆದು ನಿಲ್ಲಿಸಿ ಓಡಿಸಿದರು. ಮೊದಲ ತುಣುಕಿಗೇ ಸತ್ತಿತು. ಮತ್ತೆ ಓಡಿಸಿದರು, ಮತ್ತೆ ಮೊದಲ ತುಣುಕಿಗೇ. ತಿದ್ದುವ ಮುಂಚೆ ಒಮ್ಮೊಮ್ಮೆಯಾದರೂ ಬದುಕುತ್ತಿದ್ದದ್ದು ತಿದ್ದಿದ ಮೇಲೆ ಒಮ್ಮೆಯೂ ಬದುಕದಾಯಿತು. ಅವರು ಕೋಟನ್ನೂ ತೆಗೆದುಕೊಳ್ಳದೆ ಹೊರಬಿದ್ದು, ಸವದತ್ತಿ ರಸ್ತೆ ಹಿಡಿದು ನಡೆದರು. ಹಿಂದಿನಿಂದ ಯಾವ ಬಸ್ಸು ಬಂದು ಎತ್ತಿಕೊಂಡಿತೋ, ಸಂಜೆಯ ಹೊತ್ತಿಗೆ ಸಾಲಹಳ್ಳಿಯಲ್ಲಿ ಅಕ್ಕನ ಹೊಲದಲ್ಲಿದ್ದರು.

ಅಲ್ಲಿ ಹಿಂಗಾರಿ ಬಿತ್ತನೆ ನಡೆದಿತ್ತು. ಮಾಯವ್ವ ಬದುವಿನ ಮೇಲೆ ಕುಳಿತಿದ್ದಳು. ತಮ್ಮ ಅವಳ ಸುತ್ತ ತಿರುಗುತ್ತ, ಎಡಗಿವಿಯ ಕಡೆಗೆ ಬಂದಾಗಲೆಲ್ಲ ಕೂಗಿ ಹೇಳುತ್ತ, ತಮ್ಮ ದುಃಖವನ್ನೆಲ್ಲ ತೋಡಿಕೊಂಡರಂತೆ. ನಾಲ್ಕು ಒಟ್ಟಿಗೆ ಎತ್ತಬೇಕು, ಗಡಿಯಿಂದಲೇ ಹಿಡಿಯಬೇಕು, ಗಡಿಯಿಂದಲೇ ಹಿಡಿದಿದ್ದೇನೆ, ಆದರೂ ಸಾಯುತ್ತದೆ. ಮುಂದೆ ನಡೆದದ್ದನ್ನು ಮಾಯವ್ವನೇ ನನಗೆ ಹೇಳಿದ್ದಾಳೆ.

"ನಾಕ ತಾಳಿನ ಕೂರಿಗಿ ಹೂಡಿದಂಗಾತಲ್ಲೋ ಅದು," ಎಂದಳಂತೆ, ಎದುರಿಗೆ ನಾಲ್ಕು ಸಾಲು ಒಮ್ಮೆಲೇ ಬಿತ್ತುತ್ತ ಬರುತ್ತಿದ್ದ ಕೂರಿಗೆಯನ್ನು ತೋರಿಸಿ. "ಬದುವಿಗೆ ಹಚ್ಚಿ ಹಿಡದಿ ಖರೆ, ಬದುವಿಗೆ ಹತ್ತಿ ಏನರ ಐತೇನ ನೋಡಿದೇನು? ಅಕಾ ಅಲ್ಲಿ ಕರೆವ್ವನ ಕಲ್ಲ ಐತಿ. ಕಲ್ಲ ಇದ್ದಷ್ಟ ಸರದು ಹೂಡಿದ್ರ ಸಾಲೆಲ್ಲ ಹಿಂದ ಬಿತ್ತಿದ ಸಾಲಿಗೆ ಕೂಡಂಗಿಲ್ಲ. ದೇವರನ್ನ ಕಿತ್ತ ಒಗ್ಯಾಕೂ ಬರಂಗಿಲ್ಲ. ಅದಕ್ಕ ಒಂದ ಕೂರಿಗಿ ಅಗಲ ಪೂರಾ ಕರೆವ್ವಗ ಬಿಟ್ಟ, ಮುಂದಿಂದ ಹೂಡತಾರ. ನಿನ್ನ ಬದುವಿನ ಬಾಜೂಕ ಏನ ಕುಂದರಿಸಿಯೋ?"

ಅಂದಾನೆಪ್ಪನವರು ತಿರುಗುವುದು ನಿಂತಿತು. ಬದುವಿನ ಬಾಜೂಕೆ ಶ್ರೀ ಕುಳಿತಿತ್ತು. ಪ್ರತಿ ತುಣುಕೂ ಅವರ ಪಾಲಿಗೆ ಹೊಸ ಹಾಳೆ. ಹೊಸ ಹಾಳೆಯ ನೆತ್ತಿಯ ಮೇಲೆ ಕೈ ತಾನಾಗಿ ನಾಲ್ಕು ಮನೆಗಳಲ್ಲಿ ಶ್ರೀ ಬರೆದು, ಇನ್ನು ನಾಲ್ಕರಲ್ಲಿ ತುಣುಕಿನ ನಂಬರು ಬರೆದು, ಒಂಬತ್ತನೆಯ ಮನೆಯಿಂದ ಧ್ವನಿ ತುಂಬಿತ್ತು. ಮೊದಲು ಜಾಗ ಎಂಟು ಮನೆ ತಪ್ಪಿ ಸಿಕ್ಕಾಗಲೇ ಶ್ರೀ ಮತ್ತು ನಂಬರಿನ ಎಂಟೂ ಕೂಡಿ ಹದಿನಾರರ ಗಡಿಗೆ ಸರಿಹೋಗಿ ಪ್ರೋಗ್ರಾಮು ಬದುಕುತ್ತಿತ್ತು. ಜಾಗವನ್ನು ಗಡಿಗೆ ತಂದು ನಿಲ್ಲಿಸಿದ ಮೇಲೆ ಧ್ವನಿ ಪ್ರತಿ ಸಲವೂ ಎಂಟು ಮನೆ ತಪ್ಪಿತು. ಜೀವಮಾನದಲ್ಲಿ ಅವರು ನಿಧಾನವಾಗಿ ಮಾಡುತ್ತಿದ್ದ ಒಂದೇ ಕೆಲಸ ಅವರನ್ನು ಮೂರು ತಿಂಗಳು ಓಡಾಡಿಸಿತ್ತು.

ಶ್ರೀಯನ್ನು ತೆಗೆದುಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಅವರು ತೆಗೆಯಲಿಲ್ಲ, ಕರೆವ್ವನಿಗೆ ಬಿಟ್ಟಂತೆ ಹದಿನಾರು ಮನೆಯನ್ನೂ ಶ್ರೀಗೆ ಬಿಟ್ಟು, ಹದಿನೇಳನೆಯದರಿಂದ ಧ್ವನಿ ತುಂಬಿದರು. ನಂಬರೂ ಕೂಡಿ ಎಂಟು ಮನೆ ಹೋದರೆ ಇನ್ನೆಂಟು ಖಾಲಿ ಉಳಿದವಲ್ಲ, ಅವುಗಳಲ್ಲಿ ಏನಿದೆ ಎಂದು ಕೇಳಿದೆ. ಪರದೆಯ ಮೇಲೆ ತೋರಿಸಿದರು: ಇಂಗ್ಲಿಷ್ ಅಕ್ಷರಗಳಲ್ಲಿ ಮಾಯವ್ವ, ಏಳು ಅಕ್ಷರ, ಕೊನೆಗೊಂದು ಬರಿದು ಮನೆ. ಪದದಲ್ಲಿ ಆ ಹೆಸರಿದೆಯೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ನೂರಾರು ತುಣುಕುಗಳ ನೆತ್ತಿಯ ಮೇಲೆ ತಮ್ಮ ಅದನ್ನು ಮೊದಲೇ ಬರೆದಿಟ್ಟಿದ್ದರು. ನಾನು ಹೊರಗೆ ಬಂದೆ.

ಒಂದು ತಾಸು ಐವತ್ತು ನಿಮಿಷದಲ್ಲಿ ಕಲ್ಲು ಕಳೆಯಿತು. ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ನಂಬಲಾರೆ: ಕೇಳಲಿಲ್ಲ. ದೇವರ ಪದದ ಎರಡು ನಿಮಿಷ ಕೇಳಿ ಕೆಲಸವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಸ್ಪೀಕರಿನ ವೈರು ಕಿತ್ತು, ಉಳಿದದ್ದನ್ನು ಸದ್ದಿಲ್ಲದೆ ಹೊಸ ಕ್ಯಾಸೆಟ್ಟಿಗೆ ಇಳಿಸಿದರು. "ಅಕ್ಕ ಮೊದಲ ಕೇಳಬೇಕ್ರಿ," ಎಂದರು. ಆ ರವಿವಾರ ನನ್ನನ್ನೂ ಕರೆದುಕೊಂಡು ಹೋದರು. ರಾಮದುರ್ಗದಲ್ಲಿ ಬಸ್ಸು ಬದಲಿಸುವಾಗ ನಲವತ್ತು ನಿಮಿಷ ಕ್ಯಾಸೆಟ್ಟನ್ನು ಎದೆಗೆ ಹಿಡಿದು ಒಂದೇ ಕಡೆ ನಿಂತಿದ್ದರು. ಕಾಲು ಮಾತ್ರ ನೆಲವನ್ನು ಕುಟ್ಟುತ್ತಿತ್ತು.

ಮಾಯವ್ವ ಟೇಪ್ ರೆಕಾರ್ಡರಿಗೆ ಎಡಗಿವಿ ಹಚ್ಚಿ ನೆಲದ ಮೇಲೆ ಕುಳಿತಳು. ತಮ್ಮ ಬಾಗಿಲಲ್ಲಿ ನಿಂತರು. ಗುರವ್ವನ ಧ್ವನಿ ಬಂತು, ಕಲ್ಲು ಎಲ್ಲಿಯೋ ದೂರದ ಮನೆಯಲ್ಲಿ ತಿರುಗುತ್ತಿದೆಯೇನೋ ಎಂಬಂತೆ. ದೇವರು ಮುಗಿಯಿತು, ತವರು ಮುಗಿಯಿತು. ನಡುವಿನ ಮಗ ಕಲ್ಮೇಶನಿಗೆ ಒಂದು ನುಡಿ. ಆಮೇಲೆ ಅಂದಾನೆಪ್ಪನಿಗೆ, ಓಡಾಡುವ ಮಗನಿಗೆ ಮುಳ್ಳು ನೆಡದಿರಲಿ ಎಂಬರ್ಥದ ನುಡಿ. ಮಾಯವ್ವ ಕಣ್ಣು ಮುಚ್ಚಿಕೊಂಡಳು. ಗುರವ್ವ ಉಸಿರು ತೆಗೆದುಕೊಂಡದ್ದು ಕೇಳಿಸಿತು.

"ಸಾಲಹಳ್ಳಿ ಹಾದ್ಯಾಗ ಹಿರಿಮಗಳು ಮಾಯವ್ವ..."

ಟಕ್ ಎಂದಿತು. ಆಮೇಲೆ ಏನೂ ಇಲ್ಲ.

ಅದು ಟೇಪು ಮುಗಿದ ಸದ್ದಾಗಿರಲಿಲ್ಲ. ಟೇಪು ಇನ್ನೂ ತಿರುಗುತ್ತಲೇ ಇತ್ತು. ಹದಿನೇಳು ವರ್ಷದ ಹಿಂದೆ ಯಾರೋ ಗುಂಡಿ ಒತ್ತಿ ರೆಕಾರ್ಡಿಂಗು ನಿಲ್ಲಿಸಿದ ಸದ್ದು; ಅಷ್ಟು ಕಾಲ ಅದೂ ಕಲ್ಲಿನ ಸದ್ದಿನಲ್ಲಿ ಅಡಗಿತ್ತು.

ಮಾಯವ್ವ ಕಿವಿ ತೆಗೆಯಲಿಲ್ಲ. "ಮುಂದ?" ಎಂದಳು.

ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮುಂದ ಏನಂದಳೋ ಅಂದಾನಿ?"

"ಕಿತ್ತೂರ ಬಸ್ಸಿನ ಟೈಮ್ ಆಗಿತ್ತಕ್ಕಾ," ಎಂದರು ಅವರು, ಬಹಳ ಸಣ್ಣ ದನಿಯಲ್ಲಿ, ಅವಳಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ದೊಡ್ಡದಾಗಿ. "ಟೇಪ್ ವಾಪಸ್ ಕೊಡಬೇಕಿತ್ತು. ನನ್ನ ಹೆಸರ ಬಂತಲ್ಲ, ಮುಗೀತು ಅಂತ ಬಂದ ಮಾಡಿದ್ನಿ."

ಹೇಳಿ, ಬಾಗಿಲ ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತರು. ಇಷ್ಟು ವರುಷದಲ್ಲಿ ಅವರು ಹಾಗೆ ಕುಳಿತದ್ದನ್ನು ನಾನು ಮೊದಲ ಸಲ ನೋಡಿದೆ. ಮೊಣಕಾಲುಗಳನ್ನು ಎಲ್ಲಿಡಬೇಕೆಂಬುದೇ ಅವರಿಗೆ ತಿಳಿದಂತಿರಲಿಲ್ಲ. ಮಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಟೇಪನ್ನು ಹಿಂದಕ್ಕೆ ತಿರುಗಿಸಿ, ತನ್ನ ಹೆಸರನ್ನು ಇನ್ನೊಮ್ಮೆ ಕೇಳಿದಳು. "ಹರಸ್ಯಾಳೋ ಬೈದಾಳೋ, ಹೆಸರಂತೂ ಹಿಡದಾಳ," ಎಂದಳು. "ಏಳೋ, ಚಾ ಮಾಡತೇನಿ." ಅಂದಾನೆಪ್ಪನವರು ಏಳಲಿಲ್ಲ. ಅವಳು ಆ ಒಂದು ಸಾಲನ್ನು ಹನ್ನೊಂದು ಸಲ ಹಾಕಿದಳು, ಹನ್ನೊಂದು ಸಲವೂ ಟಕ್ಕೆನ್ನುವವರೆಗೆ ಕುಳಿತೇ ಕೇಳಿದರು.

ಕೂರಲಾರದವರದೊಂದು ಕುಲ ಪ್ರತಿ ಊರಿನಲ್ಲಿಯೂ ಇದೆ. ಅವರ ಪ್ರೀತಿ, ಕುರ್ಚಿ ಬಿಡದ ನಮ್ಮಂಥವರ ಪ್ರೀತಿಗಿಂತ ಕಡಿಮೆಯದಲ್ಲ. ನಾವು ಕೈಕಟ್ಟಿ ಕುಳಿತು ಅಯ್ಯೋ ಎನ್ನುವಾಗ ಕಲ್ಲಿನ ಸದ್ದಿನೊಳಗಿಂದ ಸತ್ತ ತಾಯಿಯನ್ನು ಎತ್ತಿ ತರುವವರು ಅವರೇ. ಆದರೆ ತಾವು ಪ್ರೀತಿಸುವವರ ಮಾತನ್ನು ಕೊನೆಯ ಪದದವರೆಗೆ ಕೇಳಲು ಅವರಿಗೆ ಎಂದೋ ಒಮ್ಮೆ ಅರ್ಧ ನಿಮಿಷದ ಪುರಸತ್ತು ಇರುವುದಿಲ್ಲ, ಮತ್ತು ಆ ಅರ್ಧ ನಿಮಿಷವನ್ನು ಹುಡುಕುತ್ತ ಅವರು ಉಳಿದ ಆಯುಷ್ಯವನ್ನೆಲ್ಲ ನಡೆಯುತ್ತಾರೆ.